ಅಣ್ಣನ ಅಂಗಿಯ ಜೇಬು

ಅಣ್ಣ ಬೈಕ್ ನಿಲ್ಲಿಸಿದಾಗಲೆಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕಳ್ಳರ ಭಯಕ್ಕಲ್ಲ, ನಾನು ಮುಟ್ಟಬಾರದೆಂದು. ಅವನು ಸತ್ತ ಮೂರು ತಿಂಗಳಿಗೆ ನಾನೇ ಹಟ ಹಿಡಿದು ಇಂಜಿನ್ ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಹೊಸ ಪ್ಲಗ್ ಹಾಕಿದೆ.

ಮಟಮಟ ಮಧ್ಯಾಹ್ನ. ಮೊದಲ ಮೂರು ಕಿಕ್ ಗಟ್ಟಿಯಾಗಿದ್ದವು. ನಾಲ್ಕನೆಯದಕ್ಕೆ ಪೆಡಲ್ ಕಾಲಡಿ ಸಡಿಲವಾಗಿ ಇಳಿದುಹೋಯಿತು. ಪಿಸ್ಟನ್ ರಿಂಗ್ ತಪ್ಪಾಗಿ ಕೂರಿಸಿದೆನೇನೋ ಎಂದು ನನ್ನನ್ನೇ ಬೈದುಕೊಂಡು ಪ್ಲಗ್ಗಿನ ಕ್ಯಾಪ್ ಎಳೆದೆ. ಕೆಳಗೆ ಪ್ಲಗ್ಗೇ ಇರಲಿಲ್ಲ, ತೂತು ಖಾಲಿಯಿತ್ತು.

ನೆಲದ ಮೇಲೆ ಹುಡುಕುತ್ತಿದ್ದಾಗ ಅತ್ತಿಗೆ ಬಾಗಿಲಿಗೆ ಬಂದರು.

"ಏನಪ್ಪಾ ಹುಡುಕ್ತಿದ್ದೀಯ?"

"ಪ್ಲಗ್ಗು, ಅತ್ತಿಗೆ."

"ಅವರ ಅಂಗಿ ಜೇಬು ನೋಡು."

ಮೊಳೆಗೆ ತೂಗುಹಾಕಿದ್ದ ಅಂಗಿಯ ಜೇಬಿನಲ್ಲಿ ನಾನು ಹಾಕಿದ್ದ ಹೊಸ ಪ್ಲಗ್ಗೇ ಇತ್ತು. ದೂರ ಓಡಿ ಬಂದ ಬೈಕಿನಿಂದ ಆಗತಾನೇ ಬಿಚ್ಚಿದಂತೆ ಬಿಸಿಯಾಗಿತ್ತು.

"ಬದುಕಿದ್ದಾಗ ಒಂದು ದಿನ ಕೊಟ್ಟವರಲ್ಲ, ಈಗ ಕೊಡ್ತಾರಾ?" ಎಂದು ಅತ್ತಿಗೆ ಒಳಗೆ ಹೋದರು.

ಮರುದಿನ ಆ ಅಂಗಿಯನ್ನು ನಾನೇ ತೊಟ್ಟು, ಖಾಲಿ ಜೇಬಿಗೆ ಗುಂಡಿ ಹಾಕಿ, ಪ್ಲಗ್ ಬಿಗಿದು ಕಿಕ್ ಹೊಡೆದೆ. ನಾಲ್ಕನೆಯ ಕಿಕ್ ಸಡಿಲವಾದ ಕ್ಷಣಕ್ಕೆ ಎದೆ ಚುರ್ ಎಂದಿತು.

ಬೈಕ್ ಇವತ್ತಿನವರೆಗೆ ಸ್ಟಾರ್ಟ್ ಆಗಿಲ್ಲ. ಎದೆಯ ಮೇಲಿನ ಸುಟ್ಟ ಕಲೆ ಮಾತ್ರ ಮಾಸಿಲ್ಲ.