ಪತ್ರ ಬರುವ ಮೊದಲು

"ಆ ಪೆಟ್ಟಿಗೆ ಮುಟ್ಟಬೇಡಿ!"

ಅವಳು ಬೆಚ್ಚಿಬಿದ್ದು ಕೈ ಹಿಂದಕ್ಕೆ ಎಳೆದುಕೊಂಡಳು. ಪ್ರಯೋಗಾಲಯದ ಬಾಗಿಲಲ್ಲಿ ಅಪರಿಚಿತನೊಬ್ಬ ಏದುಸಿರು ಬಿಡುತ್ತ ನಿಂತಿದ್ದ.

"ಟೇಬಲ್ ಒರೆಸ್ತಿದ್ದೆ ಅಷ್ಟೆ. ನಿಮ್ಮ ನಿಧಿ ಏನೂ ಕದಿಯಲ್ಲ!"

"ನಿಧಿಯೇ ಅದು. ಯಾವ ರಕ್ತ ಯಾರದ್ದು ಅನ್ನೋ ಪಟ್ಟಿ ಅದರಲ್ಲಿದೆ. ಎಣಿಸೋರೇ ಅದನ್ನ ನೋಡಿಬಿಟ್ರೆ ಎಲ್ಲಾ ನೀರಲ್ಲಿ ಹೋಮ."

ಹೀಗೆ ಶುರುವಾಯಿತು ಅವರ ಪರಿಚಯ... ಜಗಳದಿಂದ!

ವರ್ಷಗಟ್ಟಲೆ ಎಕ್ಸ್-ರೇ ಕೋಣೆಗಳಲ್ಲಿ ದುಡಿದವರ ರಕ್ತದಲ್ಲಿ, ಅವರ ಮಕ್ಕಳ ರಕ್ತದಲ್ಲಿ ವಿಕಿರಣ ಏನನ್ನು ಉಳಿಸಿಹೋಗಿದೆ? ಎರಡು ಊರುಗಳ ಪ್ರಯೋಗಾಲಯಗಳು ಸೇರಿ ಅದನ್ನು ಹುಡುಕುತ್ತಿದ್ದವು. ಸೂಕ್ಷ್ಮದರ್ಶಕದಡಿ ಮುರಿದ ಕ್ರೋಮೋಸೋಮುಗಳನ್ನು ಎಣಿಸುವುದು ಅವಳ ಕೆಲಸ. ಗಾಜಿನ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಹೆಸರಿನ ಪಟ್ಟಿ ಕಾಯಲು ಇನ್ನೊಂದು ಊರಿನಿಂದ ಬಂದವನು ಅವನು. ವಾರದೊಳಗೆ ಎಲ್ಲರ ಬಾಯಲ್ಲಿ ಅವನು 'ಬೀಗದ ಕೈ' ಆಗಿಹೋದ.

ಮೂರು ತಿಂಗಳು ಇಬ್ಬರೂ ಒಂದೇ ಕಿಟಕಿಯ ಪಕ್ಕ ಕೂತು ಊಟದ ಡಬ್ಬಿ ಬಿಚ್ಚಿದರು. ಅವಳು ಮಾತಿನ ಮಲ್ಲಿ, ಅವನು ಕೇಳಿಸಿಕೊಳ್ಳುವವನು. ಅವಳ ಅಪ್ಪ ಮೂವತ್ತು ವರ್ಷ ಎಕ್ಸ್-ರೇ ತೆಗೆದವರು. ಅಪ್ಪನೂ ರಕ್ತ ಕೊಟ್ಟಿದ್ದರು, ಮಗಳಾಗಿ ಅವಳೂ ಕೊಟ್ಟಿದ್ದಳು. ತಮ್ಮದನ್ನು ತಾವೇ ಎಣಿಸಬಾರದೆಂದು ಅವೆರಡನ್ನೂ ಆ ಊರಿಗೆ ಕಳಿಸಿದ್ದರು.

ಒಂದು ಸೋಮವಾರ ಆ ಊರಿನ ಎಣಿಕೆಗಳು ಲಕೋಟೆಯಲ್ಲಿ ಅವನ ಕೈಗೆ ಬಂದವು.

ಅದೇ ದಿನ ಮಧ್ಯಾಹ್ನ ಅವನು ಡಬ್ಬಿ ಎತ್ತಿಕೊಂಡು ಕಾರಿಡಾರಿನ ಇನ್ನೊಂದು ತುದಿಗೆ ಹೋಗಿ ಕೂತ. ಅವಳತ್ತ ತಲೆ ಎತ್ತಿಯೂ ನೋಡಲಿಲ್ಲ.

ಅವಳು ಡಬ್ಬಿ ಮುಚ್ಚಿಬಿಟ್ಟಳು. 'ನನ್ನ ಎಣಿಕೆ ನೋಡಿದ್ದಾರೆ... ಏನೋ ಕೆಟ್ಟದಿದೆ!'

ಅಂದಿನಿಂದ ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಒಂದೇ ಜೀವಕೋಶವನ್ನು ನಾಲ್ಕು ಸಲ ಎಣಿಸಿದಳು, ನಾಲ್ಕು ಲೆಕ್ಕ ಬಂತು. ಮನೆಯಲ್ಲಿ ಹಾಲು ಒಲೆಗಿಟ್ಟು ಮಹಡಿ ಹತ್ತಿ ಹೋದಳು.

"ಏನೇ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಅಪ್ಪ ಕೆಳಗಿನಿಂದ ಕೂಗಿದರು.

"ಏನಿಲ್ಲಪ್ಪ..."

"ಹಾಲೆಲ್ಲಾ ಒಲೆಯೇ ಕುಡೀತು. ಏನಿಲ್ವಂತೆ!"

ಒಲೆ ಒರೆಸುತ್ತ ಕೇಳಿದಳು, "ಅಪ್ಪಾ, ವಿಕಿರಣ ತಡೆಯೋ ಸೀಸದ ಅಂಗಿ ಯಾಕೆ ಹಾಕ್ಕೊಳ್ತಿರಲಿಲ್ಲ ನೀನು?"

"ಅದನ್ನ ಕಂಡ್ರೆ ಮಕ್ಕಳು ಕಿರುಚ್ತಿದ್ವು ಕಣೇ. ತೆಗೆದಿಟ್ಟು ತಬ್ಬಿ ಹಿಡ್ಕೊಂಡ್ರೆ ಸುಮ್ಮನಾಗೋವು. ಕೈ ಮುರ್ಕೊಂಡು ಬಂದ ಮಗುನ ಇನ್ನೂ ಹೆದರಿಸೋಕಾಗುತ್ತಾ?"

ಇಂಥ ಅಪ್ಪನಿಗೆ ಏನೆಂದು ಹೇಳುವುದು? 'ನಿನ್ನಿಂದ ನನಗೇನೋ ಬಂದಿರಬಹುದು, ಅದಕ್ಕೇ ಒಬ್ಬರು ನನ್ನ ಬಿಟ್ಟುಹೋದರು' ಅಂತಲೇ? ಅವಳು ಒಲೆಯನ್ನು ಮತ್ತೊಮ್ಮೆ ಒರೆಸಿದಳು.

ಬುಧವಾರ ತಡೆಯಲಾಗಲಿಲ್ಲ. ಮೆಟ್ಟಿಲ ಹತ್ತಿರ ಅವನನ್ನು ಅಡ್ಡಗಟ್ಟಿದಳು.

"ನಾನೇನು ಅಂಟುರೋಗವಾ? ಯಾಕೆ ದೂರ ಓಡ್ತಿದೀರಿ?"

"ಶುಕ್ರವಾರದವರೆಗೆ ಏನೂ ಕೇಳಬೇಡಿ... ದಯವಿಟ್ಟು."

"ಅಂದ್ರೆ ನೋಡಿದೀರಿ!"

ಅವನ ಮುಖ ಬಿಳಿಚಿಕೊಂಡಿತು. ಎರಡೆರಡು ಮೆಟ್ಟಿಲು ಹಾರಿ ಇಳಿದು ಹೊರಟುಹೋದ.

ಅವಳಿಗೆ ಬೇರೆ ಉತ್ತರ ಬೇಕಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮುಖ್ಯಸ್ಥೆ ಮೇಡಂ ನಗುತ್ತ ಒಳಗೆ ಬಂದರು. "ನೋಡ್ರಮ್ಮಾ, ಇವತ್ತಿಂದ ಪೆಟ್ಟಿಗೆ ಕೀಲಿ ನನ್ನ ಸೊಂಟಕ್ಕೆ! ನಮ್ಮ 'ಬೀಗದ ಕೈ' ಸಾಹೇಬ್ರು ಆ ಕೆಲಸ ಬಿಟ್ಟುಕೊಟ್ರು."

ಅವರ ಹಿಂದೆಯೇ ಅವನು ಬಂದ. ಮೇಡಂ ಇಬ್ಬರನ್ನೂ ನೋಡಿ, ಏನೋ ನೆಪ ಹೇಳಿ ಹೊರಗೆ ಹೋದರು.

"ಊರಿಗೆ ವಾಪಸ್ಸಾ?" ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲ. ಇಲ್ಲೇ, ಬೇರೆ ಕೆಲಸ." ಅವನು ಸ್ಟೂಲು ಎಳೆದು ಕೂತ. "ಪಟ್ಟಿ ಕಾಯೋನು ರಕ್ತ ಕೊಟ್ಟವರ ಜೊತೆ ಸಂಬಂಧ ಬೆಳೆಸೋ ಹಾಗಿಲ್ಲ. ನನ್ನ ಮನಸ್ಸು ಆ ಗೆರೆ ಯಾವತ್ತೋ ದಾಟಿತ್ತು. ಸೋಮವಾರ ಲಕೋಟೆ ಬಂದಾಗ ಒಡೆಯೋಕೆ ಕೈ ಬರಲಿಲ್ಲ. ಮುದ್ರೆ ಸಮೇತ ಮೇಡಂಗೆ ಕೊಟ್ಟು, ನನ್ನ ಬಿಡಿಸಿ ಅಂದೆ. ಎರಡೂ ಕಡೆಯವರು ಒಪ್ಪೋಕೆ ಇವತ್ತಿನವರೆಗೆ ಹಿಡೀತು."

"ಒಂದು ಮಾತು ಹೇಳಬಹುದಿತ್ತಲ್ಲ! ಐದು ದಿನ ನಾನು..." ಅವಳು ಕೊನೆಗೂ ಅವನತ್ತ ತಿರುಗಿದಳು.

"ಕಾರಣ ಹೇಳಿದ್ರೆ ಮನಸ್ಸೂ ಹೇಳಿದ ಹಾಗಾಗ್ತಿತ್ತು, ಪಟ್ಟಿ ಇನ್ನೂ ನನ್ನ ಕೈಲಿತ್ತು. ಮೆಟ್ಟಿಲ ಹತ್ತಿರ ಹೇಳೇಬಿಡ್ತಿದ್ದೆ... ತಪ್ಪಾಯ್ತು."

"ಹಾಗಾದ್ರೆ ನನ್ನ ಎಣಿಕೆ..."

"ನೋಡಿಲ್ಲ. ಮುಂದಿನ ವಾರ ನಿಮಗೆ ಪತ್ರ ಬರುತ್ತೆ. ಅದಕ್ಕೆ ಮುಂಚೆ ಕೇಳ್ತಿದೀನಿ. ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣ ಮುಂದೆ ಎಲ್ಲವೂ ಮಸುಕಾಯಿತು.

"ಪತ್ರದಲ್ಲಿ ಕೆಟ್ಟದಿದ್ರೆ?"

ಸುಳ್ಳು ಧೈರ್ಯ ಹೇಳಲು ಅವನಿಗೆ ಬರುತ್ತಿರಲಿಲ್ಲ.

"ನನಗೂ ಭಯ ಆಗುತ್ತೆ. ಪಕ್ಕದಲ್ಲಿ ಕೂತು ಭಯಪಡ್ತೀನಿ."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಐದು ದಿನಗಳಲ್ಲಿ ಮೊದಲ ಬಾರಿಗೆ ಕಾಲುಗಳು ನೆಲದ ಮೇಲೆ ಸುಮ್ಮನೆ ಊರಿದ್ದವು.

"ಉತ್ತರ ಈಗಲೇ ಬೇಕಾ?"

"ಪತ್ರ ಬರೋದ್ರೊಳಗೆ. ಆಮೇಲೆ 'ಅಯ್ಯೋ ಪಾಪ ಅಂತ ಮದುವೆ ಆಗ್ತಿದಾರೆ' ಅಂದ್ಕೊಂಡು ಬೇಡ ಅಂತೀರಿ. ನಿಮ್ಮನ್ನ ನಾನು ಬಲ್ಲೆ."

"ಸಂಜೆ ಮನೆಗೆ ಬನ್ನಿ. ಅಪ್ಪ ಇರ್ತಾರೆ."

"ಅವರನ್ನ ಕೇಳೋಕಾ?"

"ಕೇಳೋಕಲ್ಲ..." ಅವಳು ಮೆಲ್ಲಗೆ ಅವನ ಬೆರಳು ಹಿಡಿದಳು. "ನಾನು ಒಪ್ಪಿದೀನಿ ಅಂತ ಹೇಳೋಕೆ."