ನೋರೀನಳ ಮೊದಲನೇ 'ಬೇಡ'

"ಮುಟ್ಟಬೇಡಿ!"

ನೋರೀನ್ ಕೂಗಿದ ರಭಸಕ್ಕೆ ಕೌಂಟರಿನಾಚೆ ನಿಂತಿದ್ದ ಹೊಸಬ ಗ್ಲಾಸಿನಿಂದ ಕೈ ಹಿಂದಕ್ಕೆಳೆದುಕೊಂಡ. ಕಪ್ಪು ಬಿಯರ್ ಇನ್ನೂ ಅರ್ಧವಷ್ಟೇ ತುಂಬಿತ್ತು.

"ಮೊದಲು ನೊರೆ ಕೂರಬೇಕು, ಆಮೇಲೆ ಉಳಿದರ್ಧ. ಯಾವೂರಿನ ಆತುರಗಾರರಪ್ಪ ನೀವು?"

"ಹಾಲೆಂಡ್. ಹೆಸರು ಯೋರಿಸ್, ರಜೆಗೆ ಬಂದಿದ್ದೀನಿ. ಬೈದಿದ್ದಾಯ್ತಲ್ಲ, ಇನ್ನು ಊಟ ಕೊಡ್ತೀರಾ?"

ಬೈಸಿಕೊಂಡೂ ನಗುತ್ತಾನಲ್ಲ ಇವನು! ಅಯ್ಯೋ, ಗಿರಾಕಿ ಕಣೇ, ಸುಮ್ಮನಿರು... ಎಂದು ನೋರೀನ್ ತನಗೆ ತಾನೇ ಹೇಳಿಕೊಂಡಳು. ಮನಸ್ಸು ಕೇಳಬೇಕಲ್ಲ!

ಕ್ಲೇರ್ ಎಂಬ ಐರಿಶ್ ಸೀಮೆಯ ಕಡಲತೀರದ ಆ ಪಬ್ಬು ಅವಳ ಸೋದರತ್ತೆ ಬ್ರೀಡಾಳದು. ಎರಡು ದಿನಕ್ಕೆಂದು ಬಂದ ಯೋರಿಸ್ ಎಂಟು ದಿನ ಉಳಿದ. ಮಧ್ಯಾಹ್ನ ಕುರಿಮಾಂಸದ ಸ್ಟ್ಯೂ, ಬೆಣ್ಣೆ ಮೆತ್ತಿದ ಸೋಡಾ ಬ್ರೆಡ್ಡು. ಸಂಜೆ ಪಿಟೀಲಿನವರ ಪಕ್ಕ ಕೂತು, ತಾಳ ತಪ್ಪಿಸಿ ತೊಡೆ ತಟ್ಟುವುದು. ಮುದುಕರೆಲ್ಲ ಗೇಲಿ ಮಾಡುತ್ತಿದ್ದರು. ನೋರೀನ್ ಮಾತ್ರ ಅವನ ಕುರ್ಚಿಯಲ್ಲಿ ಬೇರೆಯವರನ್ನು ಕೂರಲು ಬಿಡುತ್ತಿರಲಿಲ್ಲ.

ಗುರುವಾರ ಸಂಜೆ ಅವನು ಕೌಂಟರಿಗೆ ಬಾಗಿ ಮೆಲ್ಲಗೆ ಕೇಳಿದ.

"ನಾಳೆ ಹೊರಡಬೇಕು. ಆದ್ರೆ... ನಿಮಗೋಸ್ಕರ ಇಲ್ಲೇ ಇದ್ದುಬಿಡ್ಲಾ, ನೋರೀನ್?"

ಅವಳು ತಟಕ್ಕನೆ ಒಂದು ಗ್ಲಾಸು ಕೈಗೆತ್ತಿಕೊಂಡಳು.

"ಅಯ್ಯೋ, ಬೇಡ ಬೇಡ! ನನಗೋಸ್ಕರ ಯಾಕೆ ತೊಂದರೆ?"

ಆ ಊರಿನಲ್ಲಿ ಒಂದು ಲೋಟ ಚಹಾ ಕೊಟ್ಟರೂ ಮೊದಲು ಬೇಡ ಎನ್ನಬೇಕು. ಮೊದಲ ಸಲಕ್ಕೇ ಹೂಂ ಎಂದವರು ಆಸೆಬುರುಕರು! ಮತ್ತೆ ಕೇಳುತ್ತಾನೆ, ಆಗ ಹೂಂ ಎಂದರಾಯಿತು ಎಂದು ನೋರೀನ್ ಗ್ಲಾಸು ಒರೆಸುತ್ತ ಕಾದಳು.

"ಸರಿ," ಎಂದ ಯೋರಿಸ್. ಕೋಟು ತೊಟ್ಟು ಹೊರಟೇಹೋದ.

ಇದೇನಿದು?! ತಮಾಷೆಗೆ ಕೇಳಿದನೇ? ಪ್ರೀತಿ ಇದ್ದವನು ಒಂದೇ ಮಾತಿಗೆ ಬಿಟ್ಟು ಹೋಗುತ್ತಾನೆಯೇ? ತಲೆಬುಡ ತಿಳಿಯದೆ ಅವಳು ಮರುದಿನ ಸ್ಟ್ಯೂಗೆ ಎರಡೆರಡು ಸಲ ಉಪ್ಪು ಹಾಕಿದಳು.

ಮಧ್ಯಾಹ್ನ ಯೋರಿಸ್ ಚೀಲ ಹೊತ್ತು ಕೊನೆಯ ಊಟಕ್ಕೆ ಬಂದ. ಅವಳತ್ತ ನೋಡಲಿಲ್ಲ. ಉಪ್ಪುಪ್ಪಾದ ಸ್ಟ್ಯೂವನ್ನು ತುಟಿಪಿಟಕ್ಕೆನ್ನದೆ ತಿಂದ. ಬ್ರೀಡಾ ಸೌಟು ಹಿಡಿದು ಬಂದಳು.

"ಇನ್ನೊಂಚೂರು?"

"ಬೇಡಮ್ಮ, ಸಾಕು."

ಬ್ರೀಡಾ ಸುರಿದೇಬಿಟ್ಟಳು.

"ಬೇಡ ಅಂದೆನಲ್ಲ!"

"ಅದು ಮೊದಲನೇ ಬೇಡ ಮಾರಾಯ. ಅದನ್ನ ಯಾರು ಲೆಕ್ಕಕ್ಕೆ ತಗೋತಾರೆ?"

"ನಮ್ಮಲ್ಲಿ ಇರೋದೇ ಒಂದು ಬೇಡ," ಅವನ ದನಿ ಸಣ್ಣಗಾಯಿತು. "ಬೇಡ ಅಂದ ಹೆಣ್ಣನ್ನ ಮತ್ತೆ ಕೇಳಿದ್ರೆ ಅವಳಿಗೆ ಅವಮಾನ ಮಾಡಿದ ಹಾಗೆ."

ನೋರೀನಳ ಕೈಯಲ್ಲಿದ್ದ ಬಟ್ಟೆ ಜಾರಿ ಬಿತ್ತು. ದೇವರೇ... ಇವನು ಇನ್ನೊಮ್ಮೆ ಕೇಳುವುದೇ ಇಲ್ಲ!

ಹೊರಗೆ ಬಸ್ಸಿನ ಹಾರ್ನ್. ಯೋರಿಸ್ ಎದ್ದು ಬಾಗಿಲಿಗೆ ನಡೆದ. ಪಬ್ಬಿನ ತುಂಬ ಜನ. ಇಷ್ಟು ಜನರೆದುರು ಹೆಣ್ಣಾಗಿ ತಾನೇ ಹೇಳುವುದೇ? ನಾಳೆಯಿಂದ ಊರೆಲ್ಲ ಇದೇ ಮಾತು... ಆಡಿಕೊಳ್ಳಲಿ!

"ಯೋರಿಸ್! ಇರಿ... ಹೋಗಬೇಡಿ!"

ಮುದುಕರೆಲ್ಲ ಕುರ್ಚಿ ತಿರುಗಿಸಿ ನೋಡಿದರು.

ಅವನು ತಿರುಗಿದ. "ನಿನ್ನೆ ಬೇಡ ಅಂದ್ರಿ?"

"ಅದು ಮರ್ಯಾದೆಗೆ ಅಂದಿದ್ದು. ಇದು ಮನಸ್ಸಿನಿಂದ." ಅವಳ ಕಣ್ಣು ತುಂಬಿ ಬಂದಿತ್ತು.

ಬಸ್ಸು ಹೊರಟ ಸದ್ದು ಕೇಳಿಸಿತು. ಅವನು ಅತ್ತ ನೋಡಲೂ ಇಲ್ಲ. ಚೀಲ ಕೆಳಗಿಟ್ಟು ಅವಳ ಒದ್ದೆ ಕೈಗಳನ್ನು ಹಿಡಿದುಕೊಂಡ.

"ಎಷ್ಟು ದಿನ ಇರ್ಲಿ, ನೋರೀನ್?"

"ನಿಮಗೆ ಹೇಗೆ ಅನುಕೂಲವೋ ಹಾಗೆ..." ಎನ್ನುತ್ತಲೇ ಅವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ತಲೆಯೆತ್ತಿ ಅವನನ್ನೇ ನೋಡಿದಳು.

"ಹೋಗಲೇಬೇಡ ಕಣೋ."