ನಿಕಷ ಕೇಳಿದ ಸಾಕ್ಷಿ

ಬೆಳಗಿನ ಚಹಾ ಆರುವಷ್ಟರಲ್ಲಿ ‘ನಿಕಷ’ ಯಂತ್ರವು ಅಂತರ್ಜಾಲ ವಿಶ್ವಕೋಶದ ಸಾವಿರಾರು ಪುಟಗಳನ್ನು ಓದಿ ಮುಗಿಸುತ್ತಿತ್ತು. ಪ್ರತಿ ಪುಟಕ್ಕೂ ಅದರ ಪ್ರಶ್ನೆ ಒಂದೇ: ಈ ವಿಷಯಕ್ಕೆ ಸಂಬಂಧಪಡದ ಯಾರಾದರೂ ಇದರ ಬಗ್ಗೆ ಎಲ್ಲಾದರೂ ಪ್ರಕಟಿಸಿದ್ದಾರೆಯೇ? ಇದ್ದರೆ ಪುಟ ಉಳಿಯುತ್ತಿತ್ತು. ಇಲ್ಲದಿದ್ದರೆ ಒಂದು ವಾರದ ಗಡುವು, ಆಮೇಲೆ ಕಸದ ಬುಟ್ಟಿ. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದ ಕಂಪನಿಗಳ ಪುಟಗಳೆಲ್ಲ ಹೀಗೆ ಮಾಯವಾದಾಗ, ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಈ ಯಂತ್ರ ಕಟ್ಟಿದ ಡಾ. ಅನಸೂಯಾ ಹೊಂಬಳರನ್ನು ಜನ ಬಾಯಿತುಂಬ ಹೊಗಳಿದರು.

ನಂಬಿಕೆ ಎಷ್ಟು ಬೆಳೆಯಿತೆಂದರೆ ಫೋನುಗಳೂ ವಿಶ್ವಕೋಶವನ್ನೇ ಕೇಳತೊಡಗಿದವು. ಅಲ್ಲಿ ಪುಟವಿಲ್ಲದ ತಂತ್ರಾಂಶವನ್ನು ಖೋಟಾ ಎಂದು ತಿಳಿದು ಫೋನು ತಾನಾಗಿಯೇ ನಿಲ್ಲಿಸಿಬಿಡುತ್ತಿತ್ತು. ಇದು ಅತಿಯಾಯಿತು ಎಂದವರೂ ಇದ್ದರು. ಅವರ ಮಾತು ಕೇಳುವ ಪುರುಸೊತ್ತು ಯಾರಿಗಿತ್ತು!

‘ಕೊರಳು’ ಒಂದು ಸಣ್ಣ ತಂತ್ರಾಂಶ; ವಿಶ್ವಕೋಶದಲ್ಲಿ ಅದಕ್ಕೂ ಒಂದು ಪುಟವಿತ್ತು. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡವರು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡರೆ, ಅದು ಸ್ನಾಯುಗಳ ಅಲುಗಾಟವನ್ನು ಓದಿ ಫೋನಿನಿಂದ ಮಾತು ಹೊರಡಿಸುತ್ತಿತ್ತು. ಇಮ್ತಿಯಾಜ್ ಮುಲ್ಲಾ ಇದನ್ನು ತನ್ನ ಹೆಂಡತಿ, ಶಾಲಾ ಶಿಕ್ಷಕಿ ನಸೀಮಾಳಿಗಾಗಿ ಬರೆದಿದ್ದ. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಇನ್ನೂ ಕೆಲವು ನೂರು ಜನ ಅದರಿಂದಲೇ ಮಾತಾಡುತ್ತಿದ್ದರು. ಪತ್ರಿಕೆಗಳಲ್ಲಿ ಮಾತ್ರ ಒಂದು ಸಾಲೂ ಬಂದಿರಲಿಲ್ಲ. ಗಡುವಿನ ಸೂಚನೆ ಸಿಕ್ಕ ಕೂಡಲೇ ಗಂಡ ಹೆಂಡತಿ ಅನಸೂಯಾರ ಬಳಿ ಓಡಿಬಂದರು.

“ಮೇಡಮ್ಮರ, ನಿಮ್ಮ ಯಂತ್ರಕ್ಕ ಒಂದ್ ಮಾತ್ ಹೇಳ್ರಿ. ಪುಟ ಹೋದ್ರ ಈಕಿ ಮಾತೂ ಹೋಕ್ಕೈತ್ರಿ,” ಎಂದ ಇಮ್ತಿಯಾಜ್.

“ನಾ ಹೇಳಿದ್ರ ಕೇಳೂ ಹಂಗ ಕಟ್ಟಿಲ್ರಿ ಅದನ್ನ. ಯಾವುದರೆ ಪತ್ರಿಕಿ, ಪುಸ್ತಕದಾಗ ಇದರ ಬಗ್ಗೆ ಏನರ ಬಂದದ ಏನ್ರಿ?”

ನಸೀಮಾಳ ಫೋನು ಮಾತಾಡಿತು. “ನಾ ನಿಮ್ಮ ಮುಂದ ಕುಂತು ಮಾತಾಡಾಕತ್ತೀನಲ್ರಿ, ಇದು ಸಾಕ್ಷಿ ಅಲ್ಲೇನ್ರಿ?”

“ನೀವು ಅವರ ಮನಿಯವರಾದ್ರಿ,” ಎಂದರು ಅನಸೂಯಾ. ಹೇಳುವಾಗ ಅವರಿಗೇ ನಾಚಿಕೆಯಾಯಿತು.

ಓಣಿಯಲ್ಲಿ ಒಬ್ಬರಿಗೆ ಕಷ್ಟ ಬಂದರೆ ಎಲ್ಲರೂ ಕೂಡಿ ಹೋಗಿ ನಿಲ್ಲುವುದು ಇಮ್ತಿಯಾಜ್ ಮತ್ತು ನಸೀಮಾರಿಗೆ ಗೊತ್ತಿದ್ದ ರೀತಿ. ಪೊಲೀಸ್ ಠಾಣೆಯಾಗಲಿ, ಆಸ್ಪತ್ರೆಯಾಗಲಿ, ಮಂದಿ ನೋಡಿದರೆ ಎದುರಿನವರು ಮೆತ್ತಗಾಗುತ್ತಾರೆ. ಆ ಸಂಜೆ ಕೊರಳು ಬಳಸುವವರೆಲ್ಲ ತಮ್ಮ ತಮ್ಮ ಊರುಗಳಿಂದಲೇ ಮಾತಾಡಿಕೊಂಡು, ವಿಶ್ವಕೋಶದ ಚರ್ಚಾಪುಟದಲ್ಲಿ ಒಂದೇ ಒಕ್ಕಣೆಯ ಬೇಡಿಕೆ ಹಾಕಿದರು. ಒಂದೇ ಹೊತ್ತು, ಒಂದೇ ಮಾತು. ಒಬ್ಬನೇ ಮನುಷ್ಯ ನೂರಾರು ಹೆಸರಿನಲ್ಲಿ ಬರೆದು ಮೋಸ ಮಾಡುತ್ತಿದ್ದಾನೆಂದು ನಿಕಷ ತೀರ್ಮಾನಿಸಿತು. ಗಡುವಿಗೂ ಕಾಯದೆ ಪುಟ ಅಳಿಸಿತು.

ಮರುದಿನ ನಸೀಮಾ ತರಗತಿಯಲ್ಲಿ ಪಾಠ ಆರಂಭಿಸಿದಳು. ತುಟಿ ಅಲುಗಿತು, ಫೋನು ಸುಮ್ಮನಿತ್ತು. ಮಕ್ಕಳು ಮೊದಲು ನಕ್ಕರು. ಆಮೇಲೆ ಅವಳ ಮುಖ ನೋಡಿ ಹೆದರಿದರು. ಗದಗದಲ್ಲಿ ಕೊರಳು ಬಳಸುತ್ತಿದ್ದ ಒಬ್ಬ ಮುದುಕ ಎದೆನೋವೆಂದು ಹೇಳಲಾಗದೆ ತೀರಿಕೊಂಡ.

ಆಗ ಪತ್ರಿಕೆಗಳು ಎಚ್ಚೆತ್ತವು. ‘ಮಾತು ಕಳೆದುಕೊಂಡ ನೂರಾರು ಜನ’ ಎಂದು ಮುಖಪುಟದಲ್ಲೇ ಬರೆದವು. ಇಮ್ತಿಯಾಜನ ಪರಿಚಯವಿಲ್ಲದವರೆಲ್ಲ ಬರೆದರು. ನಿಕಷ ಅದನ್ನೆಲ್ಲ ಓದಿ, ಯಾರೂ ಕೇಳದಿದ್ದರೂ ಪುಟವನ್ನು ಮರಳಿ ಸ್ಥಾಪಿಸಿತು. ಆದರೆ ಕೊರಳು ನಿಂತುಹೋಗಿದೆ ಎಂದೇ ಎಲ್ಲ ಪತ್ರಿಕೆಗಳೂ ಬರೆದಿದ್ದವು. ಪುಟವೂ ಅದನ್ನೇ ಹೇಳಿತು. ನಿಂತುಹೋದ ತಂತ್ರಾಂಶವನ್ನು ಫೋನು ಏಕೆ ನಡೆಸೀತು?

ಅನಸೂಯಾ ತಾವೇ ನಸೀಮಾಳ ಮನೆಗೆ ಹೋದರು. ಯಂತ್ರ ಬದಲಿಸಲು ವಿಶ್ವಕೋಶದ ಆಡಳಿತ ಮಂಡಳಿ ಸುತರಾಂ ಒಪ್ಪುತ್ತಿಲ್ಲವೆಂದೂ, ತಾವು ಹಟ ಬಿಟ್ಟಿಲ್ಲವೆಂದೂ ಹೇಳಿದರು. ನಸೀಮಾ ಪಾಟಿಯೊಂದನ್ನು ಎಳೆದುಕೊಂಡು ಬರೆದಳು: “ನಾವು ಮಾತಾಡುವಾಗ ಯಾರೂ ಯಾಕ ಬರೀಲಿಲ್ರಿ?”

ಇದು ಮುಂದೆಂದೋ ನಡೆಯಬಹುದಾದ ಕತೆ; ನಿಕಷ ಇನ್ನೂ ಹುಟ್ಟಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಲು ಅನಸೂಯಾರಿಗಿಂತ ನಮಗೆ ಹೆಚ್ಚು ಹೊತ್ತಿದೆ.